ನುಂಗುವ ಮನೆಯಲ್ಲಿ ಅಗಿಯುವ ನಾಯಿ

ಆ ಸೋಮವಾರ ಬೆಳಿಗ್ಗೆ ಅವ್ವ ಹೊಸ್ತಿಲಿಗೆ ಅರಿಶಿನ ಹಚ್ಚಲು ಬಗ್ಗಿದಾಗ ಅದರ ಬಲಗಡೆಯ ಮೂಲೆ ಇರಲಿಲ್ಲ. ಸವೆದದ್ದಲ್ಲ, ಗೆದ್ದಲು ಹಿಡಿದದ್ದೂ ಅಲ್ಲ, ಯಾರೋ ತಿಂದಿದ್ದರು. ಯಾರು ಎಂದು ವಿಚಾರಣೆ ನಡೆಸುವ ಅಗತ್ಯವಿರಲಿಲ್ಲ. ಆರೋಪಿ ಪಕ್ಕದಲ್ಲೇ ಕೂತು, ಮೂತಿಗೆ ಮೆತ್ತಿದ್ದ ಹಿಂದಿನ ದಿನದ ಅರಿಶಿನವನ್ನು ನೆಕ್ಕಿಕೊಳ್ಳುತ್ತಿತ್ತು.

ಅವ್ವ ಅರಿಶಿನದ ಬಟ್ಟಲನ್ನು ಕೆಳಗಿಟ್ಟಳು. ಕೂಗಲಿಲ್ಲ. ಅವಳು ಕೂಗದಿದ್ದರೆ ವಿಷಯ ಗಂಭೀರವೆಂದು ಅರ್ಥ.

“ಭಾನುವಾರ ಯಗಟಿಯೋನಿಗೆ ಬರಾಕೇಳ್ತೀನಿ. ಕೊಟ್ಟೋನೇ ವಾಪಸ್ ತಗಂಡೋಗ್ಲಿ. ಮನೆ ತಿನ್ನೋ ನಾಯಿ ನಮಗ್ಯಾಕೆ?”

ಯಗಟಿಯವನು ಎಂದರೆ ಎರಡು ವರ್ಷದ ಹಿಂದೆ ಅಪ್ಪನಿಗೆ ಈ ನಾಯಿಯನ್ನು ಮರಿಯಾಗಿದ್ದಾಗ ಕೊಟ್ಟ ಕುರಿಗಾರ. ಅಪ್ಪನಿಗೆ ಅಜ್ಜಂಪುರದಲ್ಲಿ ಈರುಳ್ಳಿ ಮಂಡಿಯಿದೆ. ಹರಾಜಿನಲ್ಲಿ ಅವನ ದನಿ ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತದೆ. ಆ ಬೆಳಿಗ್ಗೆ ಮಾತ್ರ ಅವನು ಒಂದು ಮಾತೂ ಆಡದೆ ಮೊಣಕಾಲೂರಿ ಕೂತು, ನೆಲದಲ್ಲಿ ಬಿದ್ದಿದ್ದ ಮರದ ಚೂರುಗಳನ್ನು ಆರಿಸಿ, ಹೊಸ್ತಿಲಿನ ಮೂಲೆಗೆ ಒಂದೊಂದಾಗಿ ಇಟ್ಟು ಜೋಡಿಸಿ ನೋಡಿದ. ಕೂರಲಿಲ್ಲ. ಅರ್ಧಕ್ಕಿಂತ ಹೆಚ್ಚು ಭಾಗ ನಾಯಿಯ ಹೊಟ್ಟೆಯಲ್ಲಿತ್ತು.

ಅಪ್ಪನ ಅಧಿಕೃತ ನಿಲುವು ಏನೆಂದರೆ, ನಾಯಿ ತಂದದ್ದು ಮಂಡಿ ಕಾಯಲು. ಎರಡು ವರ್ಷದಲ್ಲಿ ಅದು ಒಂದು ರಾತ್ರಿಯೂ ಮಂಡಿಯಲ್ಲಿ ಮಲಗಿದ್ದಿಲ್ಲ. ಮಲಗುವುದು ಅಪ್ಪನ ಮಂಚದ ಕೆಳಗೆ. ಸಂಜೆ ಮನೆಗೆ ಬಂದ ಅಪ್ಪ ನಮ್ಮಿಬ್ಬರ ಜೊತೆ ಆಡುವ ಮಾತು ಹತ್ತು ದಾಟುವುದಿಲ್ಲ. ಯಾವ ಲೋಡು ನೆಂದು ಬಂತು, ಯಾವನು ಮಾತು ತಪ್ಪಿದ, ಹಮಾಲರು ಯಾಕೆ ಮುನಿಸಿಕೊಂಡರು ಎಂಬುದೆಲ್ಲ ನಾಯಿಗೆ ವರದಿಯಾಗುತ್ತದೆ. ನಾನೂ ಅವ್ವನೂ ಮನೆಯ ಯಜಮಾನನ ಸುದ್ದಿಯನ್ನು ಪಕ್ಕದ ಕೋಣೆಯಿಂದ ಕಿವಿಗೊಟ್ಟು ತಿಳಿದುಕೊಳ್ಳುವವರು. ಆ ನಾಯಿ ಹೋದರೆ ಅಪ್ಪನ ಮಾತು ಪೂರಾ ನಿಂತುಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು. ಆದರೆ ಹೊಸ್ತಿಲು ಹೊಸ್ತಿಲೇ.

ಇಲ್ಲಿ ನನ್ನ ಬಗ್ಗೆ ಎರಡು ಮಾತು ಹೇಳಬೇಕು. ಪದವಿ ಓದುವಾಗ ಕಡೂರಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ನಿಂತವಳು ನಾನು. ಚೀಟಿ ಎತ್ತಿದಾಗ ಪರ ಬಂದರೂ ಸರಿ, ವಿರೋಧ ಬಂದರೂ ಸರಿ, ಐದು ನಿಮಿಷ ಸಿಕ್ಕರೆ ಸಾಕು. ಆ ತರಬೇತಿಯಿಂದ ಒಂದು ಕಾಯಿಲೆ ಅಂಟಿಕೊಂಡಿದೆ: ಯಾರು ಏನೇ ಹೇಳಿದರೂ ಆಧಾರ ಕೇಳದೆ ಇರಲಾರೆ. “ಇವತ್ತು ಬಿಸ್ಲು ಜಾಸ್ತಿ ಕಣೇ” ಎಂದು ಅವ್ವ ಅಂದದ್ದಕ್ಕೆ “ಯಾವುದಕ್ಕೆ ಹೋಲಿಸಿದರೆ?” ಎಂದು ಕೇಳಿ ಬೈಸಿಕೊಂಡಿದ್ದೇನೆ. ಈಗ ತರೀಕೆರೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ದಿನಾ ಅಜ್ಜಂಪುರದಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ.

ಹಾಗಾಗಿ ಅಂದೂ ಎದ್ದು ನಿಂತೆ. “ಹೊಸ್ತಿಲು ಕಡಿದದ್ದು ನಿಜ. ಆದ್ರೆ ಯಾಕೆ ಕಡೀತು ಅಂತ ಗೊತ್ತಿಲ್ದೆ ಶಿಕ್ಷೆ ಕೊಡೋದು ಯಾವ ನ್ಯಾಯ?”

“ಭಾನುವಾರದೊಳಗೆ ನೀನೇ ಕಂಡ್ಹಿಡಿ,” ಅಂದಳು ಅವ್ವ. “ಕಂಡ್ಹಿಡಿದು ನಿಲ್ಸು. ಇಲ್ದಿದ್ರೆ ಅವ್ನು ಹಗ್ಗ ತತ್ತಾನೆ.”

ಆರು ದಿನ.

ಕಾರಣ ಹುಡುಕಬೇಕಾದರೆ ಮೂರು ತಿಂಗಳು ಹಿಂದೆ ಹೋಗಬೇಕು. ಆಗ ನಾಯಿಗೆ ತುರಿಕೆ ಶುರುವಾಗಿತ್ತು. ಕೆರೆದು ಕೆರೆದು ಬೆನ್ನಿನ ಅರ್ಧ ಕೂದಲು ಹೋಗಿ, ಹಳೆಯ ಸೋಫಾದ ಹಾಗೆ ಕಾಣುತ್ತಿತ್ತು. ಅಪ್ಪ ಅದನ್ನು ಈರುಳ್ಳಿ ಮೂಟೆಗಳ ಜೊತೆ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಕಡೂರಿನ ಪಶುವೈದ್ಯರ ಹತ್ತಿರ ಹೋದ. ನಾನೂ ಹೋಗಿದ್ದೆ. ಡಾಕ್ಟರು ಚರ್ಮ ನೋಡಿ, ಏನು ಹಾಕುತ್ತೀರಿ ಎಂದು ಕೇಳಿದರು.

“ಮುದ್ದೆ, ಅನ್ನ, ಮಜ್ಜಿಗೆ,” ಅಂದ ಅಪ್ಪ. “ಹಬ್ಬದಲ್ಲಿ ಒಬ್ಬಟ್ಟು.”

“ಧಾನ್ಯ ಒಗ್ತಾ ಇಲ್ಲ ಅನ್ಸುತ್ತೆ. ಕೆಲವು ತಿಂಗಳು ಎಲ್ಲಾ ನಿಲ್ಸಿ. ಬರೀ ಮಾಂಸ ಕೊಟ್ಟು ನೋಡಿ. ಬೇಯಿಸಿಯಾದ್ರೂ ಕೊಡಿ, ತಾಜಾ ಇದ್ರೆ ಹಸೀದಾದ್ರೂ ಕೊಡಿ.”

ಅಪ್ಪ ಚೀಟಿಯನ್ನು ನಾಲ್ಕು ಮಡಿಕೆ ಮಡಿಸಿದ. ನಮ್ಮದು ಲಿಂಗಪೂಜೆ ಮುಗಿಯದೆ ಕಾಫಿಯನ್ನೂ ಮುಟ್ಟದ ಮನೆ. ವರ್ಷಕ್ಕೊಮ್ಮೆ ಮಠದಿಂದ ಸ್ವಾಮಿಗಳು ಬಂದು ಪಾದಪೂಜೆ ಮಾಡಿಸಿಕೊಂಡು ಹೋಗುವ ಮನೆ. ಮೊಟ್ಟೆಯ ಚಿತ್ರವಿರುವ ಬಿಸ್ಕತ್ ಪೊಟ್ಟಣವನ್ನು ಅವ್ವ ಕವುಚಿ ಇಡುತ್ತಾಳೆ. ಅಂಥ ಅವ್ವನ ಮುಂದೆ ಅಪ್ಪ ಚೀಟಿ ಬಿಚ್ಚಿದ.

“ಔಷಧಿ ಅಂತ ತಿಳ್ಕ,” ಅಂದ.

ಅವ್ವ ಬಹಳ ಹೊತ್ತು ನಾಯಿಯ ಬೆನ್ನನ್ನೇ ನೋಡಿದಳು. “ಔಷಧಿ ಆದ್ರೆ ಆಗ್ಲಿ. ಆದ್ರೆ ನಮ್ ಒಲೆ ಮೇಲೆ ಬೇಯ್ಸೋ ಮಾತು ಎತ್ತಿದ್ರೆ ನಾನು ತವರಿಗೆ ಹೋಗ್ತೀನಿ.”

ಹಸಿ ಮಾಂಸ ನಮ್ಮ ಮನೆಗೆ ಬಂದದ್ದು ಹೀಗೆ. ದೊಡ್ಡ ಊರುಗಳಲ್ಲಿ ನಾಯಿಗೆ ಹಸಿಯದನ್ನೇ ತಿನ್ನಿಸಬೇಕೆಂಬುದು ಈಗ ಒಂದು ಸಿದ್ಧಾಂತವಂತೆ; ಪರ ವಿರೋಧ ಎರಡೂ ಕಡೆ ಜನ ಫೋನಿನಲ್ಲಿ ಹೊಡೆದಾಡುತ್ತಾರೆ. ನಮ್ಮಲ್ಲಿ ಅದು ಸಿದ್ಧಾಂತವಾಗಿ ಬರಲಿಲ್ಲ, ಒಲೆ ಸಿಗದೆ ಬಂತು.

ಅವ್ವ ಇನ್ನೊಂದು ಷರತ್ತು ಹಾಕಿದಳು: ಮೂಳೆ ಕೂಡದು. “ಮಾಂಸ ಆದ್ರೆ ತಿಂದು ಮುಗೀತದೆ. ಮೂಳೆ ಉಳೀತದೆ. ಹಿತ್ತಲಲ್ಲಿ ಹೂತಿಡ್ತದೆ. ನಾಳೆ ಸ್ವಾಮಿಗಳು ಕೂತಿರುವಾಗ ಕಚ್ಕಂಡು ಬಂದು ಪಾದದ ಹತ್ರ ಇಟ್ರೆ?” ಇದಕ್ಕೆ ಎದುರುವಾದವಿರಲಿಲ್ಲ. ಆ ನಾಯಿ ಖಂಡಿತ ಇಡುವಂಥದ್ದೇ.

ತರುವ ಕೆಲಸ ನನ್ನದಾಯಿತು. ಅಜ್ಜಂಪುರದಲ್ಲಿ ಈರುಳ್ಳಿ ಮಂಡಿಯವರ ಮಗಳು ಮಟನ್ ಅಂಗಡಿ ಮುಂದೆ ನಿಂತರೆ ಸಂಜೆಯೊಳಗೆ ಮಠಕ್ಕೆ ಸುದ್ದಿ ಹೋಗುತ್ತದೆ. ತರೀಕೆರೆಯಲ್ಲಾದರೆ ನನ್ನನ್ನು ಬಲ್ಲವರು ನನ್ನ ವಿದ್ಯಾರ್ಥಿಗಳು ಮಾತ್ರ. ಹೊರಡುವಾಗ ಅವ್ವ ಹೇಳಿದ್ದು: “ಎಳೇದು ನೋಡಿ ತಾ. ಬಲಿತಿದ್ರೆ ಬ್ಯಾಡ. ನಾರಿರಬಾರ್ದು.” ಅವಳ ಮನಸ್ಸಿನಲ್ಲಿ ಬೆಂಡೆಕಾಯಿ ಇತ್ತು. ನನ್ನ ಮನಸ್ಸಿನಲ್ಲೂ ಬೇರೇನೂ ಇರಲಿಲ್ಲ ಎಂಬುದು ಅಂಗಡಿಯಲ್ಲಿ ನಿಂತು ಅದನ್ನೇ ಅಕ್ಷರಶಃ ಹೇಳಿದಾಗ ಗೊತ್ತಾಯಿತು.

ಅಂಗಡಿಯವರು ಅರವತ್ತು ದಾಟಿದ ಸಾಬರು. ತಮ್ಮ ತಂದೆಯ ಕಾಲದಿಂದ ಅದೇ ಜಾಗದಲ್ಲಿ ಅದೇ ಮರದ ಕೊರಡಿನ ಹಿಂದೆ ನಿಂತವರು. ಕತ್ತಿ ಕೆಳಗಿಟ್ಟು ನನ್ನನ್ನು ನೋಡಿದರು.

“ಯಾರಿಗೆ ಮೇಡಮ್ಮೋರೇ?”

“ನಾಯಿಗೆ.”

“ಅದಕ್ಕೇನು ಹಲ್ಲು ಬಂದಿಲ್ವಾ?”

“ಬಂದಿದೆ. ಎಲ್ಲಾ ಇದೆ. ಮೂಳೆ ಬೇಡ. ಎರಡು ಸಲ ಮಿಷನ್ನಿಗೆ ಹಾಕಿ.”

ಅವರು ಒಳಗಿದ್ದ ಮಗನಿಗೆ ಮನೆಮಾತಿನಲ್ಲಿ ಏನೋ ಹೇಳಿದರು. ಒಳಗಿನಿಂದ ನಗು ಕೇಳಿಸಿತು. ಆದರೂ ಎರಡು ಸಲ ಅರೆದು, ಅವ್ವ ಪ್ರತ್ಯೇಕವಾಗಿ ಕೊಂಡಿದ್ದ ಸ್ಟೀಲ್ ಡಬ್ಬಿಗೆ ತುಂಬಿಕೊಟ್ಟರು. ಹೊರಬರುವಾಗ ನನ್ನ ತರಗತಿಯ ಮುಂದಿನ ಬೆಂಚಿನ ಹುಡುಗಿಯ ತಾಯಿ ಎದುರಾಗಿ, ಡಬ್ಬಿಯನ್ನೂ ನನ್ನ ಹಣೆಯ ವಿಭೂತಿಯನ್ನೂ ಸರದಿಯ ಮೇಲೆ ನೋಡಿ, ತುಂಬಾ ಪ್ರೀತಿಯಿಂದ ನಕ್ಕರು. ನಾಯಿಗೆ ಎಂದು ವಿವರಿಸಿದೆ. ವಿವರಿಸಿದಷ್ಟೂ ಅವರ ನಗು ದೊಡ್ಡದಾಯಿತು.

ಮನೆಯಲ್ಲಿ ಡಬ್ಬಿ ತೆರೆದಾಗ ಅವ್ವ ಗೋಡೆ ಕಡೆ ತಿರುಗಿದಳು. ಆಗ ಅಪ್ಪನಿಗೆ ಹೊಳೆದದ್ದೇ ಮುದ್ದೆ.

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ. ಇದನ್ನು ರುಚಿಯ ವಿಷಯ ಎಂದುಕೊಳ್ಳಬೇಡಿ, ಇದು ನಡತೆಯ ವಿಷಯ. ಮುರಿ, ಸಾರಿನಲ್ಲಿ ಹೊರಳಿಸು, ನುಂಗು. ಹಲ್ಲಿಗೆ ಅಲ್ಲಿ ಕೆಲಸವಿಲ್ಲ. ಒಮ್ಮೆ ಕರಾವಳಿ ಕಡೆಯ ಒಬ್ಬ ಅಧಿಕಾರಿ ನಮ್ಮ ಮನೆಯಲ್ಲಿ ಊಟಕ್ಕೆ ಕೂತು ಮುದ್ದೆ ಅಗಿದಾಗ ಇಡೀ ಪಂಕ್ತಿ ತಲೆ ತಗ್ಗಿಸಿತ್ತು. ಅಪ್ಪನಂತೂ ಈ ವಿಷಯದಲ್ಲಿ ಉಗ್ರವಾದಿ. ನಿಂಬೆಹಣ್ಣಿನ ಗಾತ್ರದ ತುತ್ತನ್ನು ಕಣ್ಣು ಮಿಟುಕಿಸದೆ ಇಳಿಸುತ್ತಾನೆ. “ತೃಪ್ತಿ ಇರೋದು ಗಂಟಲಲ್ಲಿ ಕಣೇ. ಹಲ್ಲು ಇರೋದು ಚಕ್ಲಿಗೆ,” ಎಂಬುದು ಅವನ ಸಿದ್ಧಾಂತ.

ಆದ್ದರಿಂದ ಅಪ್ಪ ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು, ನೀರು ಮುಟ್ಟಿಸಿಕೊಂಡು, ಅರೆದ ಹಸಿ ಮಾಂಸವನ್ನು ಉರುಟಾಗಿ, ನುಣ್ಣಗೆ, ಒಂದು ಬಿರುಕಿಲ್ಲದ ಹಾಗೆ ಮುದ್ದೆ ಕಟ್ಟಿದ. ಅಷ್ಟು ಚೆಂದದ ಮುದ್ದೆಯನ್ನು ನಾನು ಮದುವೆ ಮನೆಗಳಲ್ಲೂ ಕಂಡಿಲ್ಲ. ಅವ್ವ ಓರೆಗಣ್ಣಲ್ಲಿ ನೋಡಿ, “ಹ್ಞೂಂ, ಈಗ ಪರ್ವಾಗಿಲ್ಲ,” ಅಂದಳು.

ನಾಯಿ ಅದನ್ನು ನುಂಗಿತು. ಫೋನಿನಲ್ಲಿ ಅಳೆದೆ: ಹನ್ನೊಂದು ಸೆಕೆಂಡು.

“ನೋಡು!” ಅಂದ ಅಪ್ಪ. ಅವನ ಕಣ್ಣಲ್ಲಿ ನೀರಿತ್ತು. “ಥೇಟ್ ನಮ್ಮೋರ ಥರ.”

ತುರಿಕೆ ಹೋಯಿತು, ಅದನ್ನು ಒಪ್ಪಲೇಬೇಕು. ಎರಡು ತಿಂಗಳಲ್ಲಿ ಬೆನ್ನ ಮೇಲೆ ಹೊಸ ಕೂದಲು ಬಂದು ಮಿರಮಿರ ಮಿಂಚತೊಡಗಿತು. ಆದರೆ ಊಟವಾದ ಮೇಲೆ ನಾಯಿ ಮಾಡುತ್ತಿದ್ದುದನ್ನು ನಾವ್ಯಾರೂ ಸರಿಯಾಗಿ ನೋಡಲಿಲ್ಲ, ನೋಡಿದರೂ ಓದಲಿಲ್ಲ. ನುಂಗಿದ ಕೂಡಲೇ ಅದು ತಟ್ಟೆಯನ್ನು ನೆಕ್ಕಿ, ತಟ್ಟೆ ಕವುಚಿ ಅದರಡಿ ಮೂಸಿ, ಅಪ್ಪನ ಎರಡು ಕೈಗಳನ್ನೂ ಪರೀಕ್ಷಿಸಿ, ಮತ್ತೆ ತಟ್ಟೆಯ ಮುಂದೆ ಕೂರುತ್ತಿತ್ತು. ಸಿನಿಮಾ ಶುರುವಾಗುವ ಮೊದಲೇ ಪರದೆ ಎಳೆದ ಥಿಯೇಟರಿನಲ್ಲಿ ಕೂತ ಪ್ರೇಕ್ಷಕನ ಹಾಗೆ. ಒಂದು ಗಂಟೆ ಸುಮ್ಮನೆ ಅಲೆದಾಡುತ್ತಿತ್ತು. ಆಮೇಲೆ ಏನಾದರೂ ಸಿಕ್ಕರೆ ಕಡಿಯುತ್ತಿತ್ತು. ಪೊರಕೆ ಹೋಯಿತು. ನಲ್ಲಿಯ ಪೈಪು ಹೋಯಿತು. ಪ್ರತಿ ಜೊತೆ ಚಪ್ಪಲಿಯಲ್ಲೂ ಒಂದೊಂದು ಹೋಯಿತು. ನನ್ನ ಚರ್ಚಾಸ್ಪರ್ಧೆಯ ಮರದ ಫಲಕದಲ್ಲಿ ‘ಪ್ರಥಮ’ ಎಂಬ ಪದವನ್ನು ತಿಂದು ‘ಬಹುಮಾನ’ ಎಂಬುದನ್ನು ಬಿಟ್ಟಿತು. ನಾವು ಮುದ್ದೆಯ ಗಾತ್ರ ಹೆಚ್ಚಿಸಿದೆವು. ಅಂದರೆ ಹದಿನಾಲ್ಕು ಸೆಕೆಂಡಾಯಿತು. ಆಮೇಲೆ ಹೊಸ್ತಿಲು.

ಮಂಗಳವಾರ ಸಂಜೆ ತರೀಕೆರೆಯಲ್ಲಿ, ಡಬ್ಬಿ ಕೊರಡಿನ ಮೇಲಿಟ್ಟು, ಸಾಬರಿಗೆ ಹೊಸ್ತಿಲಿನ ಕತೆ ಹೇಳಿದೆ. ಅನುಕಂಪ ನಿರೀಕ್ಷಿಸಿದ್ದೆ.

“ಮೇಡಮ್ಮೋರೇ, ಬೇಜಾರು ಮಾಡ್ಕಬ್ಯಾಡ್ರಿ. ಮೂರು ತಿಂಗ್ಳಿಂದ ನಿಮ್ ನಾಯಿ ಉಂಡೇ ಇಲ್ಲ,” ಅಂದರು.

“ದಿನಾ ನೀವೇ ತೂಗಿ ಕೊಡ್ತೀರಲ್ಲ? ಹೊಟ್ಟೆಗೆ ಹೋಗಿದೆ, ಮೈಗೆ ಹತ್ತಿದೆ. ಉಂಡಿಲ್ಲ ಅಂದ್ರೆ ಹೇಗೆ?”

“ಹೊಟ್ಟೆ ಉಂಡೈತೆ. ನಾಯಿ ಉಂಡಿಲ್ಲ. ಅದಕ್ಕೆ ಕಚ್ಬೇಕು, ಎಳೀಬೇಕು, ಕಾಲಲ್ಲಿ ಅದುಮ್ಕಂಡು ಸಿಗೀಬೇಕು. ಆಗ ಉಂಡಂಗೆ. ನೀವು ಎರಡೆರಡು ಸಲ ಮಿಷನ್ನಿಗೆ ಹಾಕುಸ್ತೀರಾ. ಅಂದ್ರೆ ನಿಮ್ ನಾಯಿ ಊಟನ ನನ್ ಮಿಷನ್ ಉಣ್ತಾ ಐತೆ. ಆ ಮಿಷನ್ನು ನೋಡ್ರಿ, ಎಷ್ಟು ಖುಷಿಯಾಗೈತೆ.”

ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಅವರು ತಿರುಗಿ ಮಿಷನ್ನನ್ನು ನೋಡಿದರು. ಸಭಿಕರು ಎದುರಾಳಿಯ ಕಡೆ ವಾಲುತ್ತಿರುವುದು ನನಗೆ ಅರಿವಾಯಿತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ಕಲಿಸಿದ್ದಾರೆ: ಸ್ವಂತ ಉದಾಹರಣೆ ಕೊಡಬೇಕು.

“ನಾವು ಮುದ್ದೆ ಉಣ್ಣೋರು,” ಅಂದೆ. “ಅಗಿಯಲ್ಲ, ನುಂಗ್ತೀವಿ. ನಮಗೆ ತೃಪ್ತಿ ಆಗಲ್ವಾ? ಈ ಊರು, ಕಡೂರು, ದೇವನೂರು, ಪಂಚನಹಳ್ಳಿ, ಇಲ್ಲೆಲ್ಲಾ ಇರೋರು ತೃಪ್ತಿ ಇಲ್ದೆ ಹೊಸ್ತಿಲು ಕಡೀತಾ ಕೂತಿದ್ದಾರಾ?”

ಗಿರಾಕಿಗಳು ಹೌದೌದೆಂದು ತಲೆಯಾಡಿಸಿದರು. ಒಳ್ಳೆಯ ಪಾಯಿಂಟು. ಸಾಬರು ಕತ್ತಿಯನ್ನು ಬಟ್ಟೆಯಿಂದ ಒರೆಸಿದರು.

“ಮುದ್ದೆ ಆಯ್ತು. ಆಮ್ಯಾಕೆ ಏನುಣ್ತೀರಾ?”

“ಅನ್ನ, ಮಜ್ಜಿಗೆ.”

“ಆಮ್ಯಾಕೆ?”

“ಆಮೇಲೆ ಏನು, ಎಲೆ ಅಡಿಕೆ.”

“ಅದನ್ನ ಅಗೀತೀರೋ, ನುಂಗ್ತೀರೋ?”

ಮೂರು ವರ್ಷ, ಎಷ್ಟೋ ವೇದಿಕೆ, ಗಂಟೆ ಬಾರಿಸುವ ತನಕ ಒಂದು ಕ್ಷಣ ಬಾಯಿ ಮುಚ್ಚದವಳು ನಾನು. ನೇತುಹಾಕಿದ ಎರಡು ತೊಡೆಗಳ ನಡುವೆ ನಿಂತು ಸೋತೆ. ಗಿರಾಕಿಗಳಲ್ಲೊಬ್ಬ ಬಾಯಿಂದ ಎಲೆರಸ ಸೋರದ ಹಾಗೆ ಮುಖ ಮೇಲೆತ್ತಿ ನಕ್ಕ.

“ಉಂಡ್ಮ್ಯಾಲೆ ಅರ್ಧ ಗಂಟೆ ಜಗಲಿ ಮ್ಯಾಲೆ ಕೂತ್ಕಂಡು ಅಗೀದಿದ್ರೆ ನಿಮ್ ಅಪ್ಪಂಗೆ ಊಟ ಆದಂಗೆ ಆಗ್ತದಾ, ಕೇಳ್ರಿ ಹೋಗಿ,” ಅಂದರು ಸಾಬರು. ಆಮೇಲೆ ಮೆತ್ತಗೆ, “ಗುರುವಾರ ಕತ್ತಿನ ತುಂಡು ಎತ್ತಿಡ್ತೀನಿ. ಮಾಂಸ ಇರ್ತದೆ, ಮೂಳೆ ಇರ್ತದೆ. ಅದರ ಬಾಯಿಗಿಂತ ದೊಡ್ಡದಿರ್ಬೇಕು, ಇಲ್ದಿದ್ರೆ ಅದನ್ನೂ ನುಂಗ್ತದೆ, ನಿಮ್ ಮನೆ ಸಂಸ್ಕಾರ. ತಿನ್ನೋ ತನಕ ಪಕ್ಕದಲ್ಲೇ ಕೂತಿರ್ರಿ. ಬೇಯ್ಸಿದ್ ಮೂಳೆ ಮಾತ್ರ ಯಾವತ್ತೂ ಕೊಡ್ಬ್ಯಾಡ್ರಿ, ಚೂರಾಗಿ ಗಂಟ್ಲಿಗೆ ಚುಚ್ಚುತದೆ.”

“ನಮ್ಮನೇಲಿ ಬೇಯಿಸೋ ಪ್ರಶ್ನೆನೇ ಇಲ್ಲ.”

“ಮತ್ತಿನ್ನೇನು! ಮೂಳೆ ತಿನ್ನಾಕೆ ನಿಮ್ ಮನೇಷ್ಟು ಸೇಫಾದ ಮನೆ ಈ ತಾಲೂಕಲ್ಲೇ ಇಲ್ಲ.”

ಬಸ್ಸಿನಲ್ಲಿ ಯೋಚಿಸುತ್ತಾ ಬಂದೆ. ಸೋತದ್ದಕ್ಕೆ ನೋವಾಗಿತ್ತು, ಅದಕ್ಕಿಂತ ಹೆಚ್ಚು ನೋವಾದದ್ದು ಸಾಬರ ವಾದವೂ ನಿಜವಾದ ಆಧಾರವಲ್ಲ ಎಂಬುದಕ್ಕೆ. ಎಲೆ ಅಡಿಕೆ ಒಂದು ಹೋಲಿಕೆ, ಅಷ್ಟೆ. ಹೋಲಿಕೆಯಿಂದ ಏನೂ ಸಾಬೀತಾಗುವುದಿಲ್ಲ ಎಂದು ನಾನೇ ಪಾಠ ಮಾಡುತ್ತೇನೆ. ಹಾಗಾದರೆ ಪರೀಕ್ಷೆ ಮಾಡಬೇಕು. ತೂಕ ಒಂದೇ, ಹೊತ್ತು ಒಂದೇ, ಜಾಗ ಒಂದೇ. ಒಂದು ದಿನ ಮೂಳೆಯಿರುವ ತುಂಡು, ಒಂದು ದಿನ ಮುದ್ದೆ. ಊಟ ಎಷ್ಟು ಹೊತ್ತು, ಆಮೇಲೆ ಮಲಗಲು ಎಷ್ಟು ಹೊತ್ತು, ಏನೇನು ಕಡಿಯಿತು ಎಂದು ಬರೆಯಬೇಕು. ಮೂಳೆ ಮನೆಗೆ ತರುವ ಹಾಗಿರಲಿಲ್ಲ. ಮಂಡಿಗೆ ತರಬಹುದಿತ್ತು.

ಗುರುವಾರ ಸಂಜೆ ಹಮಾಲರು ಹೋದ ಮೇಲೆ, ಅಪ್ಪನ ಮುಂದೆ ಪೊಟ್ಟಣ ಬಿಚ್ಚಿದೆ. ಅಪ್ಪ ಕುರ್ಚಿಯಿಂದ ಎದ್ದುಬಿಟ್ಟ.

“ಅಯ್ಯೋ, ಮೂಳೆ ಕಣೇ ಅದು! ನಿಮ್ಮವ್ವಂಗೆ ಗೊತ್ತಾದ್ರೆ?”

“ಭಾನುವಾರ ಯಗಟಿಯೋನು ಬರ್ತಾನೆ. ಅದು ನಿಂಗೆ ಗೊತ್ತಾ?”

ಅಪ್ಪ ಕೂತ. “ತೂಕ ಮಾಡ್ದ್ಯಾ?” ಅಂದ. ಈರುಳ್ಳಿ ತೂಗುವ ತಕ್ಕಡಿ ಬೇಡವೆಂದು ಮೇಜಿನ ಮೇಲಿನ ಚಿಕ್ಕದರಲ್ಲಿ ಹಾಳೆ ಹಾಸಿ ತೂಗಿದೆವು. ಮುದ್ದೆಯಷ್ಟೇ ಮಾಂಸ, ಮೂಳೆಯ ಭಾರ ಬೇರೆ. ಕೊಟ್ಟೆವು.

ಅಪ್ಪನಿಗೆ ನೋಡಲಾಗಲಿಲ್ಲ. ಮೂಟೆಗಳ ಕಡೆ ಮುಖ ಮಾಡಿ, ನಾಯಿಗೆ ಬೆನ್ನು ಹಾಕಿ ಕೂತ. ಮಂಡಿ ಖಾಲಿಯಿದ್ದುದರಿಂದ ಸದ್ದು ಚೆನ್ನಾಗಿ ಕೇಳುತ್ತಿತ್ತು. ಕರಕ್. ಕರಕ್. ಸ್ವಲ್ಪ ಮೌನ. ಕರಕ್.

“ನುಂಗ್ತಾ?”

“ಇಲ್ಲ.”

“ಮತ್ತೇನ್ ಮಾಡ್ತೈತೆ?”

“ಅಗೀತಾ ಐತೆ.”

ಐದು ನಿಮಿಷ ಕಳೆಯಿತು.

“ಈಗ ನುಂಗ್ತಾ?”

“ಇಲ್ಲಪ್ಪ. ಕಾಲಲ್ಲಿ ಹಿಡ್ಕಂಡು ಸಿಗೀತಾ ಐತೆ.”

“ಇಷ್ಟೊತ್ತಾ?” ಅವನ ದನಿಯಲ್ಲಿ ಗಾಬರಿಯಿತ್ತು. “ಅದಕ್ಕೇನಾದ್ರೂ ಗಂಟ್ಲು ನೋವಾ?”

“ಇಲ್ಲ. ಕಣ್ಣು ಮುಚ್ಕಂಡು ಅಗೀತಾ ಐತೆ.”

“ಕಣ್ ಮುಚ್ಕಂಡಾ?”

ಅಪ್ಪ ಕತ್ತನ್ನು ಮಾತ್ರ ತಿರುಗಿಸಿದ. ಆಮೇಲೆ ಭುಜ. ಆಮೇಲೆ ಕುರ್ಚಿ. ಕಾಲು ಗಂಟೆಯಾಗುವಷ್ಟರಲ್ಲಿ ಪೂರ್ತಿ ತಿರುಗಿ, ಮೊಣಕೈಗಳನ್ನು ತೊಡೆಗೂರಿ, ಹರಾಜು ನೋಡುವ ಹಾಗೆ ಬಗ್ಗಿ ಕೂತಿದ್ದ. ನಾಯಿಯ ದವಡೆ ಬಲಕ್ಕೆ ಹೋದರೆ ಅವನ ದವಡೆಯೂ ಬಲಕ್ಕೆ ಹೋಗುತ್ತಿತ್ತು. ನಾನು ಹೇಳಲಿಲ್ಲ, ಹೇಳಿದ್ದರೆ ಫಲಿತಾಂಶ ಕೆಡುತ್ತಿತ್ತು.

ನಲವತ್ತು ನಿಮಿಷ. ನಾಯಿ ನೀರು ಕುಡಿಯಿತು. ತಟ್ಟೆಯನ್ನು ಕವುಚಲಿಲ್ಲ, ಅಪ್ಪನ ಕೈ ಮೂಸಲಿಲ್ಲ. ಖಾಲಿ ಚೀಲದ ಮೇಲೆ ಮೂರು ಸುತ್ತು ಸುತ್ತಿ, ಬಿದ್ದು, ದೊಡ್ಡದೊಂದು ಉಸಿರು ಬಿಟ್ಟು ಮಲಗಿತು. ಕಡಿದ ವಸ್ತು: ಇಲ್ಲ.

ಅಪ್ಪ ಬಗ್ಗಿ ನಾಯಿಯ ಮೂತಿಗೆ ಮೆತ್ತಿದ್ದ ಚೂರನ್ನು ಒರೆಸಿದ. “ಪಾಪ,” ಅಂದ ಕೊನೆಗೆ. “ಎರಡು ವರ್ಷದಿಂದ ನಂಗೆ ಹೇಳ್ಲೇ ಇಲ್ಲ ನೋಡು.” ಇಡೀ ಮಂಡಿಯ ಗುಟ್ಟನ್ನು ನಾಯಿಯ ಹತ್ತಿರ ಹೇಳಿಕೊಂಡವನಿಗೆ ನಾಯಿ ಒಂದು ಮಾತು ಮುಚ್ಚಿಟ್ಟದ್ದರಿಂದ ನಿಜಕ್ಕೂ ನೋವಾದಂತಿತ್ತು.

ನಾನು ಆಕ್ಷೇಪಗಳನ್ನು ಬರೆದುಕೊಂಡೆ. ಮಂಡಿ ಹೊಸ ಜಾಗವಾದ್ದರಿಂದ ಸುಸ್ತಾಗಿರಬಹುದು. ಸೆಖೆಯಿರಬಹುದು. ಈರುಳ್ಳಿಯ ಘಾಟು ತಲೆಗೆ ಏರಿರಬಹುದು. ಹಾಗಾಗಿ ಶುಕ್ರವಾರ ಅದೇ ಮಂಡಿಯಲ್ಲಿ, ಅದೇ ಹೊತ್ತಿಗೆ, ಮುದ್ದೆ. ಅಪ್ಪ ಕಟ್ಟಲು ಒಪ್ಪಲಿಲ್ಲ, ಕೈ ಬರಲ್ಲ ಅಂದ, ನಾನೇ ಕಟ್ಟಿದೆ. ಬಿರುಕು ಬಿಟ್ಟ ಮುದ್ದೆ. ಹನ್ನೆರಡು ಸೆಕೆಂಡು. ತಟ್ಟೆ ಕವುಚಿತು, ಕೈ ಮೂಸಿತು, ಸುತ್ತಾಡಿತು, ಮುಕ್ಕಾಲು ಗಂಟೆಗೆ ಒಂದು ಮೂಟೆಯ ಹೊಲಿಗೆ ಕಡಿದು ಈರುಳ್ಳಿಯನ್ನೆಲ್ಲ ರಸ್ತೆಗೆ ಉರುಳಿಸಿತು. ನಾವಿಬ್ಬರೂ ಬೀದಿಯಲ್ಲಿ ಈರುಳ್ಳಿ ಹೆಕ್ಕುತ್ತಾ ಇದ್ದೆವು. ಅಪ್ಪ, “ಸಾಕು ನಿನ್ ಪರೀಕ್ಷೆ. ಒಂದು ಜೀವಾನ ಎಷ್ಟು ಸಲ ಗೋಳುಯ್ಕೊಳ್ತೀಯ?” ಅಂದ. ಶನಿವಾರ ಮತ್ತೆ ಕತ್ತಿನ ತುಂಡು, ಮತ್ತೆ ಹೆಚ್ಚುಕಡಿಮೆ ನಲವತ್ತು ನಿಮಿಷ, ಮತ್ತೆ ನಿದ್ದೆ.

ಒಂದು ನಾಯಿ, ಮೂರು ದಿನ. ಇದನ್ನು ಆಧಾರವೆಂದು ವೇದಿಕೆಯಲ್ಲಿ ಹೇಳಿದರೆ ಎದುರಾಳಿ ನನ್ನನ್ನು ಹರಿದು ಹಾಕುತ್ತಾನೆ. ನಾನೇ ಎದುರಾಳಿಯಾಗಿದ್ದರೂ ಹಾಕುತ್ತಿದ್ದೆ. ಆದರೂ ಆ ಉಸಿರನ್ನು ಕೇಳಿದ ಮೇಲೆ ಅದನ್ನು ಅಲ್ಲಗಳೆಯಲು ನಾಚಿಕೆಯಾಯಿತು. ನನ್ನ ಮಟ್ಟಿಗೆ ಇದು ಅಪರೂಪದ ಅನುಭವ.

ಭಾನುವಾರ ಬೆಳಿಗ್ಗೆ ಯಗಟಿಯವನು ಮೊದಲ ಬಸ್ಸಿಗೇ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹಗ್ಗ. ಅಪ್ಪ ಅವನಿಗಿಂತ ಮೊದಲೇ ಎದ್ದು, ಕೊನೆಯ ಸಲವೆಂದೋ ಏನೋ, ಹಿಂದಿನ ದಿನ ತಂದು ಮಂಡಿ ಪಕ್ಕದ ಕೋಲ್ಡ್ ಡ್ರಿಂಕ್ಸ್ ಅಂಗಡಿಯ ಫ್ರಿಜ್ಜಿನಲ್ಲಿ ‘ಔಷಧಿ’ ಎಂದು ಹೇಳಿ ಇಡಿಸಿದ್ದ ತುಂಡನ್ನು ತೆಗೆದುಕೊಂಡು ನಾಯಿಯ ಜೊತೆ ಮಂಡಿಗೆ ಹೋಗಿದ್ದ. ಆದ್ದರಿಂದ ಅವ್ವ, ಕುರಿಗಾರ, ನಾನು ಮೂವರೂ ಮಂಡಿಗೆ ನಡೆದೆವು. ನಾನು ದಾರಿಯುದ್ದಕ್ಕೂ ಏಳು ಅಂಶಗಳ ಭಾಷಣವನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ನಾಯಿ ಚೀಲದ ಮೇಲೆ ನಾಲ್ಕು ಕಾಲನ್ನೂ ಚಾಚಿ ಮಲಗಿತ್ತು. ಅಪ್ಪ ಪಕ್ಕದಲ್ಲಿ ನಿಂತಿದ್ದ. ಕುರಿಗಾರ ಶಿಳ್ಳೆ ಹಾಕಿದ. ನಾಯಿ ಒಂದು ಕಣ್ಣು ತೆರೆದು, ಅವನನ್ನು ನೋಡಿ, ಮುಚ್ಚಿಕೊಂಡಿತು. ಹಗ್ಗದ ತುದಿಯಿಂದ ಅದರ ಹೊಟ್ಟೆ ತಟ್ಟಿದ. ಬಾಲ ಒಂದು ಸಲ ಎದ್ದು ಬಿತ್ತು.

“ಏನಕ್ಕಾ, ಇದು ನಾಯೋ, ಈರುಳ್ಳಿ ಮೂಟೆನೋ?” ಅಂದ. “ಮನೆ ಕಡೀತದೆ ಅಂದ್ರಿ?”

“ಮೂರು ದಿನದಿಂದ ಮನೇಲಿ ಏನೂ ಕಡೀತಿಲ್ಲ,” ಅಂದ ಅಪ್ಪ. ಅವ್ವನ ಕಡೆ ನೋಡಲಿಲ್ಲ.

“ಏನ್ ಹಾಕ್ತಾ ಇದ್ದೀರಾ?”

ನಾನು ಬಾಯಿ ತೆರೆದೆ. ಅಪ್ಪ ಕೈಯೆತ್ತಿ ತಡೆದ. ನೆಲ ನೋಡುತ್ತಾ ಹೇಳಿದ: “ಕುರಿ ಕತ್ತು. ಹಸೀದು. ಮೂಳೆ ಸಮೇತ.”

ಅವ್ವನ ಮುಖ ಬದಲಾಯಿತು. ಆದರೆ ಅವಳು ಮಾತಾಡುವ ಮೊದಲೇ ಕುರಿಗಾರ ಹಗ್ಗವನ್ನು ಎದೆಗೆ ಅಪ್ಪಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಿದ್ದ.

“ಹಸಿ ಕುರಿನಾ? ಕತ್ತಾ? ಅಯ್ಯಯ್ಯೋ, ಬ್ಯಾಡ ಕಣಕ್ಕೋ! ನಮ್ ಮಂದೇಲಿ ಇದನ್ನ ಬಿಟ್ರೆ ಕುರಿ ಕಾಯ್ತದಾ? ಒಂದೊಂದರ ಕತ್ತೂ ನೋಡ್ಕಂಡು ನಾಳೆ ಯಾವುದು ನಾಡಿದ್ದು ಯಾವುದು ಅಂತ ಯೋಚ್ನೆ ಮಾಡ್ತದೆ. ಮ್ಯಾಲಾಗಿ ಈ ನಿದ್ದೆ ನೋಡ್ರಿ. ನಮಗೆ ಅರೆಹೊಟ್ಟೇಲಿ ಎಚ್ರಾಗಿರೋ ನಾಯಿ ಬೇಕು. ಇದು ಕೆಟ್ಟೋಯ್ತು. ಉಪಯೋಗಕ್ಕೆ ಬರಲ್ಲ.”

“ಏನಂದೆ?” ಅಂದಳು ಅವ್ವ.

“ಉಪಯೋಗಕ್ಕೆ ಬರಲ್ಲ ಅಂದೆ.”

“ಯಾಕೋ ಬರಲ್ಲ?” ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. “ಏನ್ ಕಡಿಮೆ ಆಗೈತೆ ಇದಕ್ಕೆ? ಕೂದ್ಲು ನೋಡು, ಹಲ್ಲು ನೋಡು. ಹೊನ್ನೆ ಮರದ ಹೊಸ್ತಿಲು ಕಣೋ, ನಮ್ಮತ್ತೆ ಮದುವೆ ಆದಾಗ ಇಟ್ಟಿದ್ದು! ಒಂದೇ ರಾತ್ರೀಲಿ ತಿಂದೈತೆ! ನಿನ್ ಮಂದೇಲಿ ಯಾವ ನಾಯಿಗೈತೋ ಅಂಥ ಹಲ್ಲು? ಕರ್ಕಂಬಾ, ನೋಡಾನ!”

“ನಂಗ್ಯಾಕಕ್ಕ ಹೊಸ್ತಿಲು ತಿನ್ನೋ ನಾಯಿ?”

“ನಿಂಗೆ ಯಾರು ಕೊಡ್ತಾರೆ ಈಗ? ನಾಯಿ ನೋಡಾಕೂ ಒಂದು ಯೋಗ್ಯತೆ ಬೇಕು. ಕಾಫಿ ಕುಡ್ದು ಹೋಗು.”

ಕುರಿಗಾರ ಅಪ್ಪನ ಮುಖ ನೋಡಿದ. ಅಪ್ಪ ಏನೂ ಅರಿಯದವನಂತೆ ತಕ್ಕಡಿಯ ಕಲ್ಲುಗಳನ್ನು ಸಾಲಾಗಿ ಇಡುತ್ತಿದ್ದ. ಹೋಟೆಲಿನಿಂದ ಕಾಫಿ ಬಂತು. ಕುಡಿದು, ಖಾಲಿ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಅವನು ಬಸ್ಸಿಗೆ ಹೋದ. ನನ್ನ ಏಳು ಅಂಶಗಳಲ್ಲಿ ಒಂದನ್ನೂ ಯಾರೂ ಕೇಳಲಿಲ್ಲ.

ಅವನು ಹೋದ ಮೇಲೆ ಅವ್ವನ ಕೋಪ ತನ್ನ ಸರಿಯಾದ ವಿಳಾಸ ಹುಡುಕಿಕೊಂಡು ನಮ್ಮ ಕಡೆ ತಿರುಗಿತು.

“ಮೂಳೆ,” ಅಂದಳು.

ಅಪ್ಪ ನನ್ನ ಕಡೆ ನೋಡಿದ, ನಾನು ಅಪ್ಪನ ಕಡೆ.

“ಎಷ್ಟು ಹೊತ್ತು ಅಗೀತದೆ?”

“ನಲವತ್ತು ನಿಮಿಷ,” ಅಂದೆ. “ಶನಿವಾರ ಮೂವತ್ತೆಂಟು.”

“ದಿನಾ ಅಷ್ಟೊತ್ತು ಯಾರು ಕೂತು ಕಾಯೋರು? ಮೂಳೆ ಗಂಟ್ಲಿಗೆ ಸಿಕ್ಕಿದ್ರೆ ಯಾರು ನೋಡೋರು? ಉಳಿದಿದ್ದನ್ನ ಆರಿಸಿ, ಅದರ ಬಾಯಿ ತೊಳ್ದು, ಮನೆಗೆ ಕರ್ಕಂಬರೋರು ಯಾರು?”

“ನಾನು,” ಅಂದ ಅಪ್ಪ.

ಹರಾಜಿನಲ್ಲಿ ಕೂಗಿದ ಹಾಗೆ ಬಂತು ಆ ದನಿ. ಮಂಡಿಯ ಹೊರಗೆ ಹೋಗುತ್ತಿದ್ದವನೊಬ್ಬ ಸೈಕಲ್ ನಿಲ್ಲಿಸಿ ಒಳಗೆ ಇಣುಕಿದ. ಅವ್ವ ಅಪ್ಪನನ್ನು ನೋಡಿದಳು. ನಮ್ಮ ಎದುರಿಗೆ ಅಪ್ಪ ತಾನಾಗಿ ಅಷ್ಟು ಗಟ್ಟಿಯಾಗಿ ಒಂದು ಮಾತಾಡಿ ಎಷ್ಟು ವರ್ಷವಾಗಿತ್ತೋ ನನಗೆ ನೆನಪಿರಲಿಲ್ಲ. ಅವಳಿಗೆ ನೆನಪಿದ್ದ ಹಾಗಿತ್ತು.

“ಸರಿ,” ಅಂದಳು. “ಮೂಳೆ ಇಲ್ಲೇ. ಒಂದು ಚೂರೂ ಮನೆ ಕಡೆ ಬರಬಾರ್ದು. ಊಟಕ್ಕೆ ತಡ ಮಾಡ್ಬ್ಯಾಡ.”

ಸಿಕ್ಕಿಸಿದ್ದ ಸೆರಗು ಬಿಚ್ಚಿ ಹೊರಟವಳು ಬಾಗಿಲ ತನಕ ಹೋಗಿ ನಿಂತಳು. ಅಪ್ಪ ಆಗಲೇ ನಾಯಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಯಗಟಿಯವನಿಗೆ ನಾಯಿಯ ಬೆಲೆ ಯಾಕೆ ಗೊತ್ತಾಗುವುದಿಲ್ಲ ಎಂಬುದನ್ನು ಅದಕ್ಕೆ ವಿವರವಾಗಿ ಹೇಳಲು ಶುರುಮಾಡಿದ್ದ. ನಾಯಿ ನಿದ್ದೆಯಲ್ಲಿತ್ತು, ಒಂದು ಮಾತೂ ಕೇಳುತ್ತಿರಲಿಲ್ಲ. ಅವ್ವ ಸ್ವಲ್ಪ ಹೊತ್ತು ನೋಡಿ, ವಾಪಸ್ ಬಂದು, ಒಂದು ಖಾಲಿ ಚೀಲವನ್ನು ಕೊಡವಿ ಹಾಸಿಕೊಂಡು ಕೂತಳು. “ಅದು ಮಲಗೈತೆ,” ಅಂದಳು. “ನಂಗೆ ಹೇಳು.”